ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್: ಪ್ರವಾಸಿಗರಿಗೆ ಮಾಹಿತಿ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರುಡೇಶ್ವರ ತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬೀ ಸಮುದ್ರದಲ್ಲಿ ನೇತ್ರಾಣಿ ದ್ವೀಪವಿದೆ. ಇದರ ಸುತ್ತಲಿನ ನೀರಿನಲ್ಲಿ ಹವಳಗಳೂ ಬಗೆಬಗೆಯ ಮೀನುಗಳೂ ಕಂಡುಬರುತ್ತವೆ. ಪ್ರವಾಸಿಗರನ್ನು ಮುರುಡೇಶ್ವರದಿಂದ ದೋಣಿಯಲ್ಲಿ ಕರೆದೊಯ್ಯಲಾಗುತ್ತದೆ. ಮಳೆಗಾಲದಲ್ಲಿ ಸಮುದ್ರವು ಪ್ರಕ್ಷುಬ್ಧವಾಗಿರುವುದರಿಂದ ಈ ಚಟುವಟಿಕೆಯು ಸ್ಥಗಿತಗೊಂಡಿರುತ್ತದೆ.

ಯಾರು ಭಾಗವಹಿಸಬಹುದು:
ಪರಿಚಯಾತ್ಮಕ ಡೈವಿಂಗ್‌ಗೆ ಈಜು ಬಲ್ಲವರೇ ಆಗಿರಬೇಕೆಂಬ ನಿಯಮವಿಲ್ಲ. ತರಬೇತುದಾರರು ಜೊತೆಯಲ್ಲಿರುತ್ತಾರೆ. ಸಾಮಾನ್ಯವಾಗಿ 10 ವರ್ಷಕ್ಕಿಂತ ಕಡಿಮೆ ವಯಸ್ಸಿನವರಿಗೆ ಅವಕಾಶವಿರುವುದಿಲ್ಲ. ಹೊಸಬರು 12 ಮೀಟರ್‌ಗಿಂತ ಹೆಚ್ಚು ಆಳಕ್ಕೆ ಇಳಿಯತಕ್ಕದ್ದಲ್ಲ.

ಆರೋಗ್ಯ ಘೋಷಣಾ ಪತ್ರ:
ದೋಣಿ ಏರುವ ಮುನ್ನ ಭರ್ತಿ ಮಾಡುವ ಈ ಪತ್ರವನ್ನು ಅನೇಕರು ಓದದೆಯೇ ಸಹಿ ಮಾಡುವುದುಂಟು. ಇದು ಕೇವಲ ಔಪಚಾರಿಕ ಕಾಗದವಲ್ಲ. 10 ಮೀಟರ್ ಆಳದಲ್ಲಿ ಒತ್ತಡವು ನೀರಿನ ಮೇಲ್ಮೈಯಲ್ಲಿರುವುದರ ಎರಡರಷ್ಟಿರುತ್ತದೆ. ಅಲ್ಲಿ ಎಳೆದುಕೊಂಡ ಉಸಿರು ಮೇಲೆ ಬರುವಾಗ ಎರಡರಷ್ಟು ಹಿಗ್ಗುತ್ತದೆ. ಗಾಳಿಗೆ ಹೊರಹೋಗಲು ದಾರಿಯಿಲ್ಲದಿದ್ದಲ್ಲಿ ಶ್ವಾಸಕೋಶವು ಹರಿದು ಪ್ರಾಣಾಪಾಯವಾಗಬಹುದು. ಆದ್ದರಿಂದ ಉಬ್ಬಸ, ಹೃದ್ರೋಗ, ಮೂರ್ಛೆರೋಗ, ಕಿವಿ ಅಥವಾ ಎದೆಯ ಶಸ್ತ್ರಚಿಕಿತ್ಸೆ ಆಗಿರುವವರು ಅದನ್ನು ಮರೆಮಾಚದೆ ನಮೂದಿಸಿ, ಮುಂಚಿತವಾಗಿ ವೈದ್ಯರ ಲಿಖಿತ ಅಭಿಪ್ರಾಯವನ್ನು ಪಡೆಯತಕ್ಕದ್ದು. ಗರ್ಭಿಣಿಯರು ಡೈವಿಂಗ್ ಮಾಡಬಾರದು. ನೆಗಡಿಯಿದ್ದಲ್ಲಿ ಕಿವಿಯೊಳಗಿನ ಒತ್ತಡವು ಸರಿದೂಗದೆ ಕಿವಿಯ ತಮಟೆಗೆ ಹಾನಿಯಾಗಬಹುದಾದ್ದರಿಂದ ಅಂದು ನೀರಿಗಿಳಿಯುವುದು ಸೂಕ್ತವಲ್ಲ.

ಪಾಲಿಸಬೇಕಾದ ಸೂಚನೆಗಳು:
1. ಅನುಮತಿ ಪಡೆದ ಸಂಸ್ಥೆಯ ಮೂಲಕವೇ ತೆರಳುವುದು. ಹಣ ಪಾವತಿಸಿದ್ದಕ್ಕೆ ರಸೀದಿ ಪಡೆಯುವುದು.
2. ದೋಣಿಯಲ್ಲಿ ಜೀವರಕ್ಷಕ ಜಾಕೆಟ್ ಧರಿಸುವುದು.
3. ನೀರಿನೊಳಗೆ ಯಾವ ಕಾರಣಕ್ಕೂ ಉಸಿರು ಬಿಗಿಹಿಡಿಯಬಾರದು.
4. ಹಿಂದಿನ ರಾತ್ರಿಯಾಗಲಿ, ಅಂದು ಬೆಳಿಗ್ಗೆಯಾಗಲಿ ಮದ್ಯಪಾನ ಮಾಡಬಾರದು.
5. ಡೈವಿಂಗ್ ಮುಗಿದ ನಂತರ 18 ಗಂಟೆಗಳವರೆಗೆ ವಿಮಾನ ಪ್ರಯಾಣ ಮಾಡದಿರುವುದು ಕ್ಷೇಮ. ಹಿಂದಿರುಗುವ ಟಿಕೆಟನ್ನು ಇದಕ್ಕನುಗುಣವಾಗಿ ಕಾಯ್ದಿರಿಸುವುದು.
6. ಹವಳವನ್ನು ಮುಟ್ಟುವುದಾಗಲಿ, ಮುರಿದು ತರುವುದಾಗಲಿ ಕೂಡದು. ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಅನುಸೂಚಿ 1ರಡಿ ರಕ್ಷಣೆಯಿದೆ.

ಡೈವಿಂಗ್‌ಗೆ ಅರ್ಹರಲ್ಲದವರು ತಮ್ಮ ಆರೋಗ್ಯಸ್ಥಿತಿಯನ್ನು ತಿಳಿಸಿ, ವೈದ್ಯರ ಸಲಹೆಯಿದ್ದಲ್ಲಿ ಜೀವರಕ್ಷಕ ಜಾಕೆಟ್ ಧರಿಸಿ ಮೇಲ್ಮೈಯಲ್ಲಿಯೇ ತೇಲುತ್ತಾ ನೋಡುವ ಸ್ನಾರ್ಕೆಲಿಂಗ್ ಅನ್ನು ಆಯ್ಕೆ ಮಾಡಿಕೊಳ್ಳಬಹುದು. ವೈದ್ಯರು ಬೇಡವೆಂದಲ್ಲಿ ಹಿಂದೆ ಸರಿಯುವುದರಿಂದ ಆಗುವ ನಷ್ಟ ಮುಂಗಡ ಹಣ ಮಾತ್ರ ಎಂಬುದನ್ನು ಪ್ರವಾಸಿಗರು ಗಮನದಲ್ಲಿಡಲು ಕೋರಲಾಗಿದೆ.