ಹಿಟ್ಟು, ಕಳಿ, ಅನ್ನ: ಸೇಲಂ–ಧರ್ಮಪುರಿ ಸೀಮೆಯ ಅಡುಗೆಮನೆಯ ಚರಿತ್ರೆ

ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಆಹಾರಚರಿತ್ರೆಯನ್ನು ಇಂದಿನ ಆಡಳಿತ ಗಡಿಗಳೊಳಗೆ ಇಟ್ಟು ಓದಲಾಗದು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನಿಂದ ಬಾರಾಮಹಲ್ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಹೊಸೂರಿನ ಮೇಲುಸೀಮೆಯಾದ ಬಾಲಾಘಾಟ್ ಅದರೊಡನೆ ಕೂಡಿಕೊಂಡಿತು. ಹೀಗೆ ರೂಪುಗೊಂಡ ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿಯೂ, ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿಯೂ ಬೇರೆಯಾದವು. ಆಡಳಿತ ಇಷ್ಟು ಸಲ ಕೈ ಬದಲಿಸಿದರೂ ಮೇಲುಸೀಮೆಯ ಬೆದ್ದಲು ಹೊಲಗಳು ಮೈಸೂರು ಪ್ರಸ್ಥಭೂಮಿಯ ಮುಂದುವರಿಕೆಯಾಗಿಯೇ ಉಳಿದವು. ಅಲ್ಲಿನ ಕನ್ನಡ ಮನೆಗಳ ಊಟವೂ ಹಾಗೆಯೇ ಉಳಿಯಿತು.

ಈ ಊಟದ ಕೇಂದ್ರದಲ್ಲಿದ್ದುದು ರಾಗಿ. ಕನ್ನಡದಲ್ಲಿ 'ಹಿಟ್ಟು' ಎಂಬ ಪದವು ಬೀಸಿದ ಪುಡಿಯನ್ನೂ ಅದರಿಂದ ಬೆಂದ ಮುದ್ದೆಯನ್ನೂ ಸೂಚಿಸುತ್ತದೆ. ತಮಿಳಿನಲ್ಲಿ ಧಾನ್ಯ 'ಕೇೞ್ವರಗು', ಬೆಂದ ಮುದ್ದೆ 'ಕಳಿ', ಅಂಬಲಿ 'ಕೂೞ್'. ಹೆಸರುಗಳು ಬೇರೆಯಾದರೂ ಪಾಕದ ಕ್ರಮ ಹೆಚ್ಚುಕಡಿಮೆ ಒಂದೇ. ಕುದಿಯುವ ನೀರಿಗೆ ಹಿಟ್ಟನ್ನು ಗೋಪುರದಂತೆ ಸುರಿದು, ಕದಡದೆ ಬೇಯಗೊಟ್ಟು, ಅನಂತರ ಕೋಲಿನಿಂದ ಗಂಟಿಲ್ಲದಂತೆ ತೊಳಸಿ, ನೀರು ಸವರಿದ ಕೈಯಿಂದ ಉಂಡೆ ಕಟ್ಟುವುದು. ನೀರಿಗೂ ಹಿಟ್ಟಿಗೂ ಇರುವ ಅಳತೆ ಬರಹದಲ್ಲಿ ಸಿಗುವಂಥದಲ್ಲ; ಅತ್ತೆಯ ಕೈ ನೋಡಿ ಸೊಸೆ, ತಾಯಿಯ ಕೈ ನೋಡಿ ಮಗಳು ಕಲಿತದ್ದು.

ಆದರೆ ಮುದ್ದೆಯೊಂದೇ ಊಟವಾಗಿರಲಿಲ್ಲ. ಹುರುಳಿ ಅಥವಾ ಅವರೆಯನ್ನು ಸೊಪ್ಪಿನೊಡನೆ ಬೇಯಿಸಿ, ಕಟ್ಟನ್ನು ಬಸಿದು ಸಾರು ಮಾಡಿ, ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಹಾಕಿದರೆ ಬಸ್ಸಾರಿನ ಊಟ ಸಿದ್ಧವಾಗುತ್ತಿತ್ತು. ಬಡಕಲಾದವನಿಗೆ ಎಳ್ಳು, ಕೊಬ್ಬಿದವನಿಗೆ ಹುರುಳಿ ಎಂಬ ಆಶಯದ ತಮಿಳು ಗಾದೆಯೂ 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಕನ್ನಡ ಗಾದೆಯೂ ಆರೋಗ್ಯವನ್ನು ಊಟದ ತಿಳಿವಳಿಕೆಯಲ್ಲಿ ಕಾಣುತ್ತವೆ. ಈ ತಿಳಿವಳಿಕೆ ಒಬ್ಬ ವ್ಯಕ್ತಿಯ ಸಂಯಮವಷ್ಟೇ ಆಗಿರಲಿಲ್ಲ. ಹೊಲದಲ್ಲಿ ರಾಗಿಯ ಸಾಲುಗಳ ನಡುವೆ ಅವರೆ ಬೆಳೆಯುತ್ತಿತ್ತು, ಬದುವಿನಲ್ಲಿ ಸೊಪ್ಪು ಸಿಗುತ್ತಿತ್ತು, ಮನೆಯಲ್ಲಿ ಬೀಸುವ ಕಲ್ಲಿತ್ತು. ತಟ್ಟೆಯ ಸಮತೋಲ ಹೊಲದ ಸಮತೋಲವನ್ನೇ ಅನುಸರಿಸುತ್ತಿತ್ತು.

ಈ ಚಿತ್ರವನ್ನು ಸುವರ್ಣಯುಗವೆಂದು ಬಗೆಯುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. 1876–78ರ ಮಹಾಕ್ಷಾಮದಲ್ಲಿ ಸೇಲಂ ತೀವ್ರವಾಗಿ ನಲುಗಿದ ಜಿಲ್ಲೆಗಳಲ್ಲೊಂದು. ಪರಿಹಾರ ಕಾಮಗಾರಿಯ ಕೂಲಿಗಾರನಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಅಲ್ಪ ಹಣ ಸಾಕೆಂದು ರಿಚರ್ಡ್ ಟೆಂಪಲ್ 1877ರಲ್ಲಿ ವಿಧಿಸಿದಾಗ, ಮದ್ರಾಸಿನ ಆರೋಗ್ಯಾಧಿಕಾರಿ ಡಬ್ಲ್ಯೂ. ಆರ್. ಕಾರ್ನಿಷ್ ಅದನ್ನು ಬಲವಾಗಿ ವಿರೋಧಿಸಿದ. ದುಡಿಯುವ ದೇಹಕ್ಕೆ ಧಾನ್ಯದ ಜೊತೆಗೆ ಬೇಳೆಕಾಳೂ ಬೇಕೆಂಬುದು ಆ ವಾದದ ತಿರುಳು. ಬಸ್ಸಾರಿನ ಮನೆಗಳಿಗೆ ರೂಢಿಯಿಂದ ತಿಳಿದಿದ್ದುದನ್ನೇ ಸರ್ಕಾರಿ ಕಡತವೊಂದು ವಾದಿಸಿ ಸಾಧಿಸಬೇಕಾಯಿತು. ತಿಳಿವಳಿಕೆ ಇದ್ದರೂ ಕಾಳಿಲ್ಲದ ಕಾಲದಲ್ಲಿ ಅದು ಪ್ರಾಣ ಉಳಿಸಲಿಲ್ಲ ಎಂಬುದೂ ಅಷ್ಟೇ ನಿಜ.

ಈ ಹಸಿವಿನ ನೆನಪಿನ ಹಿನ್ನೆಲೆಯಲ್ಲಿಯೇ ಅನ್ನದ ಆಕರ್ಷಣೆಯನ್ನು ಅರಿಯಬೇಕು. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ವ್ರೀಹಿಯೂ ನರೆದಲೆಗವೂ ಮೇಲ್ಮೆಗಾಗಿ ವಾದಕ್ಕಿಳಿಯುತ್ತವೆ. ಆರು ತಿಂಗಳ ಸೆರೆವಾಸದ ನಂತರ ಕೆಡದೆ ಉಳಿದ ರಾಗಿಗೆ ರಾಮನ ಮನ್ನಣೆ ಸಿಗುತ್ತದೆ. ಲೋಕವ್ಯವಹಾರದಲ್ಲಿ ಗೆದ್ದದ್ದು ಮಾತ್ರ ವ್ರೀಹಿ. ಅಕ್ಕಿ ಹಬ್ಬದ ಧಾನ್ಯ, ಉಳ್ಳವರ ಧಾನ್ಯ. ರಾಗಿ ಕೂಲಿಯವರದು ಎಂಬ ತಾರತಮ್ಯ ಆಳವಾಗಿತ್ತು. 1967ರ ಚುನಾವಣೆಯಲ್ಲಿ ರೂಪಾಯಿಗೆ ಮೂರು ಪಡಿ ಅಕ್ಕಿಯ ಭರವಸೆ ಜನಮನವನ್ನು ಸೆಳೆದದ್ದು ಇದರಿಂದಲೇ. 2011ರ ಜೂನ್‌ನಿಂದ ತಮಿಳುನಾಡಿನ ಪಡಿತರ ಅಕ್ಕಿ ಸಂಪೂರ್ಣ ಉಚಿತವಾಯಿತು. ದಿನವೂ ಅನ್ನ ಉಣ್ಣುವುದು ಬಡ ಮನೆಗಳಿಗೆ ದಕ್ಕಿದ ಘನತೆಯೂ ಹೌದು. ಬೀಸುವ, ತೊಳಸುವ ಶ್ರಮದಿಂದ ಹೆಂಗಸರಿಗೆ ದೊರೆತ ಬಿಡುವೂ ಹೌದು. ಇದನ್ನು ಮರೆತು ರಾಗಿಯ ಅವನತಿಗೆ ಮರುಗುವುದು ಏಕಪಕ್ಷೀಯವಾಗುತ್ತದೆ.

ಈಗ ರಾಗಿ ಮರಳುತ್ತಿದೆ. ಆದರೆ ಊಟವಾಗಿ ಅಲ್ಲ, ಪಥ್ಯವಾಗಿ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕ್ಯಾಲ್ಸಿಯಂ ಹತ್ತು ಮಿಲಿಗ್ರಾಮನ್ನೂ ಮುಟ್ಟದು, ನಾರು ಮೂರು ಗ್ರಾಮಿಗಿಂತ ಕಡಿಮೆ. ಆದರೆ ಅದೇ ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟೂ ಇದೆ. ನುಣ್ಣಗೆ ಬೀಸಿ, ಸಕ್ಕರೆ ಬೆರೆಸಿ ಮಾಲ್ಟ್ ಆಗಿ ಕುಡಿದ ರಾಗಿಗೆ ಕಾಳು–ಸೊಪ್ಪಿನೊಡನೆ ಉಂಡ ಮುದ್ದೆಯ ಗುಣ ಬರುವುದಿಲ್ಲ. ಧಾನ್ಯ ಮರಳಿದರೂ ಅದರ ಜೊತೆಗಾರರು ಮರಳಿಲ್ಲ.

2023ರ ಮೇ ತಿಂಗಳಲ್ಲಿ ತಮಿಳುನಾಡು ಸರ್ಕಾರ ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ ಪಡಿತರ ಚೀಟಿಗೆ ಅಕ್ಕಿಯ ಬದಲಾಗಿ ಎರಡು ಕಿಲೋ ರಾಗಿ ಕೊಡುವ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಧರ್ಮಪುರಿ, ಕೃಷ್ಣಗಿರಿಯ ರೈತರಿಂದಲೇ ಬೆಂಬಲ ಬೆಲೆಗೆ ರಾಗಿ ಕೊಂಡದ್ದು ಅದರ ಮುಖ್ಯ ಗುಣ. ಹೊಲವನ್ನೂ ಅಡುಗೆಮನೆಯನ್ನೂ ಮತ್ತೆ ಒಂದೇ ಸೂತ್ರದಲ್ಲಿ ಕಟ್ಟುವ ಪ್ರಯತ್ನವದು. ಆದರೂ ತಿಂಗಳಿಗೆ ಎರಡು ಕಿಲೋ ಎಂದರೆ ನಾಲ್ವರ ಮನೆಯಲ್ಲಿ ತಲೆಗೆ ದಿನಕ್ಕೆ 17 ಗ್ರಾಂ ಕೂಡ ಆಗದು. ಒಂದು ಮುದ್ದೆಗೆ ಇದರ ಹಲವು ಪಟ್ಟು ಹಿಟ್ಟು ಬೇಕು.

ಒಳ್ಳೆಯ ರೂಢಿಗಳು ಏಕೆ ನಿಲ್ಲುವುದಿಲ್ಲ ಎಂಬ ಪ್ರಶ್ನೆಗೆ ಮನೋದಾರ್ಢ್ಯದ ಕೊರತೆಯೇ ಕಾರಣವೆಂಬ ಉತ್ತರ ಸಾಮಾನ್ಯವಾಗಿ ಕೇಳಿಬರುತ್ತದೆ. ಈ ಸೀಮೆಯ ಚರಿತ್ರೆ ಬೇರೆ ಉತ್ತರ ಕೊಡುತ್ತದೆ. ರಾಗಿಯ ಊಟವನ್ನು ಎತ್ತಿಹಿಡಿದದ್ದು ಬೆದ್ದಲು ಹೊಲ, ಅಕ್ಕಡಿ ಬೆಳೆ, ಬೀಸುವ ಕಲ್ಲು ಮತ್ತು ಹೆಂಗಸರ ಲೆಕ್ಕಕ್ಕೆ ಬಾರದ ದುಡಿಮೆ. ಅದನ್ನು ಸರಿಸಿದ್ದು ಹಸಿವಿನ ಭಯ, ಅಕ್ಕಿಯ ಅಂತಸ್ತು ಮತ್ತು ಪಡಿತರದ ಬೆಲೆ. ಮರಳಿ ತರುವವರು ಹುರುಳಿ–ಅವರೆಯನ್ನೂ ಪಡಿತರಕ್ಕೆ ಸೇರಿಸಬೇಕು, ಕೋಲು ಹಿಡಿಯುವ ಕೈ ಹೆಂಗಸಿನದೇ ಆಗಿರಬೇಕೆಂಬ ನಿಯಮವನ್ನು ಬಿಡಬೇಕು. ಹಿಟ್ಟು ತೊಳಸುವ ಹದವನ್ನು ಬಲ್ಲ ಹಿರಿಯರು ಈ ಊರುಗಳಲ್ಲಿ ಇನ್ನೂ ಇದ್ದಾರೆ; ಅವರಿಂದ ಮಗನೂ ಮಗಳೂ ಒಟ್ಟಿಗೆ ಕಲಿಯಲು ಕಾಲ ಮೀರಿಲ್ಲ.