ಮೂರು ನಿಮಿಷದ ಆಟ, ಹತ್ತು ಗಂಟೆಯ ಕ್ಯೂ

1884ರ ಜೂನ್ ತಿಂಗಳು. ನ್ಯೂಯಾರ್ಕ್ ನಗರದ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮುಖ ಮಾಡಿರುವ ಕೋನಿ ಐಲೆಂಡ್ ಕಡಲತೀರದಲ್ಲಿ ಒಂದು ವಿಚಿತ್ರ ರೈಲು ಓಡತೊಡಗಿತು. ಅದಕ್ಕೆ ಎಂಜಿನ್ ಇರಲಿಲ್ಲ. ಜನರು ಮರದ ಅಟ್ಟಣಿಗೆಯ ಮೆಟ್ಟಿಲು ಹತ್ತಿ, ಬೆಂಚಿನ ಮೇಲೆ ಪಕ್ಕಕ್ಕೆ ಮುಖ ಮಾಡಿ ಕುಳಿತರೆ ಬಂಡಿಯು ತನ್ನ ಭಾರಕ್ಕೇ ಜಾರಿ, 600 ಅಡಿ ಉದ್ದದ ಏರಿಳಿತದ ಹಳಿಯ ಮೇಲೆ ಸಾಗಿ ಎದುರಿನ ಅಟ್ಟಣಿಗೆ ತಲುಪುತ್ತಿತ್ತು. ಅಲ್ಲಿ ಎಲ್ಲರೂ ಇಳಿಯಬೇಕು. ಬಂಡಿಯನ್ನು ಪಕ್ಕದ ಹಳಿಗೆ ತಿರುಗಿಸಿದ ಮೇಲೆ ಮತ್ತೆ ಮೆಟ್ಟಿಲು ಹತ್ತಿ ವಾಪಸ್ ಬರಬೇಕು. ವೇಗವೆಷ್ಟು? ಗಂಟೆಗೆ ಸುಮಾರು ಆರು ಮೈಲಿ. ಹಾಲು ಹಾಕುವ ಸೈಕಲ್ ಸವಾರನೂ ಅದಕ್ಕಿಂತ ಬೇಗ ಹೋದಾನು! ಆದರೂ ಐದು ಸೆಂಟ್ ಕೊಟ್ಟು ಅದನ್ನೇರಲು ಜನ ಮುಗಿಬಿದ್ದರು.

ಅದನ್ನು ಕಟ್ಟಿದವನು ಲಾಮಾರ್ಕಸ್ ಥಾಂಪ್ಸನ್. ಅವನ ‘ಸ್ವಿಚ್‌ಬ್ಯಾಕ್ ರೈಲ್ವೆ’ಯ ಗಳಿಕೆ ಕಂಡು ಪ್ರತಿಸ್ಪರ್ಧಿಗಳು ಸುಮ್ಮನಿರಲಿಲ್ಲ. ಹೊರಟ ಜಾಗಕ್ಕೇ ಸುತ್ತಿಕೊಂಡು ಬರುವ ಹಳಿಯನ್ನು ಒಬ್ಬ ಹಾಕಿದ. ಬಂಡಿಯನ್ನು ಸರಪಳಿಯಿಂದ ಮೇಲೆಳೆಯುವ ಏರ್ಪಾಟನ್ನು ಇನ್ನೊಬ್ಬ ಮಾಡಿದ. ಜನ ಇಳಿದು ಹತ್ತುವ ಕಷ್ಟ ತಪ್ಪಿತು, ಒಂದೇ ದಿನದಲ್ಲಿ ಹೆಚ್ಚು ಮಂದಿ ಆಡುವಂತಾಯಿತು. ಥಾಂಪ್ಸನ್ ಇದಕ್ಕೆ ಉತ್ತರವಾಗಿ ವೇಗ ಹೆಚ್ಚಿಸಲು ಹೋಗಲಿಲ್ಲ. 1887ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಅವನು ತೆರೆದ ‘ಸೀನಿಕ್ ರೈಲ್ವೆ’ಯಲ್ಲಿ ಬಂಡಿಗಳು ಕತ್ತಲೆಯ ಸುರಂಗಗಳಲ್ಲಿ ನುಗ್ಗುತ್ತಿದ್ದವು, ಒಳಗೆ ದೀಪಗಳು ಬೆಳಗಿ ಬಣ್ಣದ ದೃಶ್ಯಗಳನ್ನು ತೋರಿಸುತ್ತಿದ್ದವು. ಸವಾರಿ ಸಣ್ಣದೊಂದು ಪ್ರವಾಸವಾಯಿತು.

ಆಟ ಎಷ್ಟು ಹೊತ್ತು ನಡೆಯಬೇಕು, ಎಷ್ಟು ಜನರನ್ನು ಹೊತ್ತೊಯ್ಯಬೇಕು ಎಂಬ ಲೆಕ್ಕಾಚಾರ ಅಂದಿನಿಂದಲೂ ಪಾರ್ಕ್ ಮಾಲೀಕರನ್ನು ಕಾಡುತ್ತ ಬಂದಿದೆ. ನಮ್ಮ ಜಾತ್ರೆಗಳಲ್ಲಿ ಜೈಂಟ್ ವ್ಹೀಲ್ ತಿರುಗಿಸುವವನಿಗೂ ಈ ಲೆಕ್ಕ ಗೊತ್ತು. ಜನ ಕಡಿಮೆಯಿದ್ದಾಗ ಅವನು ಧಾರಾಳಿ. ತೇರಿನ ದಿನ ಸಂಜೆ ಮಾತ್ರ ನಾಲ್ಕು ಸುತ್ತಿಗೇ ತೊಟ್ಟಿಲು ನಿಲ್ಲುತ್ತದೆ.

ಈ ಜೈಂಟ್ ವ್ಹೀಲ್‌ಗಳ ಮೂಲಪುರುಷನ ಕಥೆ ಇನ್ನೂ ಸ್ವಾರಸ್ಯಕರ. 1893ರ ಷಿಕಾಗೊ ವಿಶ್ವಮೇಳಕ್ಕೆ ಜಾರ್ಜ್ ಫೆರಿಸ್ ಎಂಬ ಎಂಜಿನಿಯರ್ 264 ಅಡಿ ಎತ್ತರದ ಉಕ್ಕಿನ ಚಕ್ರವನ್ನು ನಿಲ್ಲಿಸಿದ. ಅದಕ್ಕೆ 36 ಕೋಣೆಗಳು, ಪ್ರತಿ ಕೋಣೆಗೆ 60 ಮಂದಿ. ಎಲ್ಲ ತುಂಬಿದರೆ ಒಮ್ಮೆಗೆ 2,160 ಜನ! ಸವಾರಿ ಸುಮಾರು 20 ನಿಮಿಷದ್ದು. ಮೊದಲ ಸುತ್ತು ಜನರನ್ನು ಹತ್ತಿಸಿ ಇಳಿಸುವುದರಲ್ಲೇ ಕಳೆಯುತ್ತಿತ್ತು, ಎರಡನೆಯದು ನಿಲ್ಲದ ಸುತ್ತು. ಟಿಕೆಟ್ ದರ 50 ಸೆಂಟ್. ಮೇಳ ಮುಗಿಯುವಷ್ಟರಲ್ಲಿ 14 ಲಕ್ಷಕ್ಕೂ ಹೆಚ್ಚು ಮಂದಿ ಅದನ್ನೇರಿದ್ದರು. ಅದೇ ಚಕ್ರವನ್ನು ಬಿಚ್ಚಿ ನಗರದ ಇನ್ನೊಂದು ಬಡಾವಣೆಯಲ್ಲಿ ನಿಲ್ಲಿಸಿದಾಗ ಮಾತ್ರ ವ್ಯಾಪಾರ ಕುದುರಲಿಲ್ಲ. ಎತ್ತರ ಅದೇ, ಚಕ್ರ ಅದೇ, ಸುತ್ತಲೂ ಮೇಳ ಇರಲಿಲ್ಲ ಅಷ್ಟೆ. 1906ರಲ್ಲಿ ಅದನ್ನು ಸಿಡಿಮದ್ದಿಟ್ಟು ಕೆಡವಲಾಯಿತು.

ಇದಕ್ಕೆ ತದ್ವಿರುದ್ಧವಾದದ್ದು 1901ರಲ್ಲಿ ಕೋನಿ ಐಲೆಂಡ್‌ಗೆ ಬಂದ ‘ಲೂಪ್ ದ ಲೂಪ್’. ಬಂಡಿ ತಲೆಕೆಳಗಾಗಿ ತಿರುಗಿ ಬರುವ ಈ ಆಟವನ್ನು ನೋಡಲು ಜನ ಕಿಕ್ಕಿರಿಯುತ್ತಿದ್ದರು. ನೋಡುವುದಕ್ಕೂ ಹಣ ಪಡೆಯಲಾಗುತ್ತಿತ್ತು. ಆದರೆ ಒಂದು ಬಂಡಿಯಲ್ಲಿ ಕೂರುತ್ತಿದ್ದವರು ನಾಲ್ವರು, ಬಂಡಿ ಹೊರಡುತ್ತಿದ್ದುದು ಐದು ನಿಮಿಷಕ್ಕೊಮ್ಮೆ. ಗಂಟೆಗೆ 48 ಜನ! ಊರೆಲ್ಲ ಮಾತನಾಡಿಕೊಂಡರೂ ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಹತ್ತು ವರ್ಷದೊಳಗೆ ಅದು ಮುಚ್ಚಿಹೋಯಿತು.

1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದಾಗ ಒಳಗೆ ಹೋಗಲು ಒಂದು ಡಾಲರ್, ಪ್ರತಿ ಆಟಕ್ಕೂ ಬೇರೆ ಹಣ. ಅದೇ ವರ್ಷ ಟಿಕೆಟ್ ಪುಸ್ತಕಗಳು ಬಂದವು. ಅವುಗಳಲ್ಲಿ ಎ, ಬಿ, ಸಿ ಎಂಬ ದರ್ಜೆಗಳಿದ್ದವು. ಮರುವರ್ಷ ಡಿ ಸೇರಿತು. 1959ರ ಜೂನ್‌ನಲ್ಲಿ ಮ್ಯಾಟರ್‌ಹಾರ್ನ್ ಪರ್ವತದ ಜಾರುಬಂಡಿ, ಜಲಾಂತರ್ಗಾಮಿ ಮತ್ತು ಮಾನೊರೈಲು ಒಟ್ಟಿಗೇ ಬಂದಾಗ ಇ ದರ್ಜೆ ಹುಟ್ಟಿತು. ಮಕ್ಕಳ ಕುದುರೆ ಚಕ್ರಕ್ಕೆ ಎ ಟಿಕೆಟ್ ಸಾಕು, ಮ್ಯಾಟರ್‌ಹಾರ್ನ್‌ಗೆ ಇ ಬೇಕು. ಜನಪ್ರಿಯತೆಗೆ ಇಷ್ಟು ಸರಳವಾಗಿ ಬೆಲೆ ಕಟ್ಟಿದ್ದು ಬಹುಶಃ ಇನ್ನೆಲ್ಲೂ ಇಲ್ಲ. ಪುಸ್ತಕದಲ್ಲಿ ಇ ಚೀಟಿ ಕೆಲವೇ ಇರುತ್ತಿದ್ದುದರಿಂದ ಅವು ಮುಗಿದವರು ಉಳಿದ ಚೀಟಿ ಹಿಡಿದು ಸಣ್ಣ ಆಟಗಳತ್ತ ಹೋಗುತ್ತಿದ್ದರು. ಜನಸಂದಣಿ ತಾನಾಗಿಯೇ ಹರಡಿಕೊಳ್ಳುತ್ತಿತ್ತು.

ಆಟದ ಉದ್ದದ ವಿಷಯದಲ್ಲಿ ಡಿಸ್ನಿ ತಂಡದವರ ಕಣ್ಣು ತೆರೆಸಿದ್ದು 1964–65ರ ನ್ಯೂಯಾರ್ಕ್ ವಿಶ್ವಮೇಳ. ಅಲ್ಲಿ ಅವರು ಸಿದ್ಧಪಡಿಸಿದ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ಆಟದಲ್ಲಿ ನೀರಿನ ಕಾಲುವೆಯಲ್ಲಿ ಒಂದರ ಹಿಂದೊಂದು ದೋಣಿಗಳು ತೇಲಿ ಬರುತ್ತಿದ್ದವು; ಎಷ್ಟು ಜನ ಬಂದರೂ ನುಂಗಿಕೊಳ್ಳುತ್ತಿದ್ದವು. ಆ ಹೊತ್ತಿಗೆ ಡಿಸ್ನಿಲ್ಯಾಂಡ್‌ನಲ್ಲಿ ಕಡಲ್ಗಳ್ಳರ ಮೇಣದ ಬೊಂಬೆಗಳ ಪ್ರದರ್ಶನವೊಂದರ ಯೋಜನೆ ಇತ್ತು. ಜನ ನಡೆದುಕೊಂಡು ನೋಡಬೇಕಾದದ್ದು. ಮೇಳದ ಅನುಭವದ ನಂತರ ಅದನ್ನು ದೋಣಿ ಸವಾರಿಯಾಗಿ ಬದಲಿಸಲಾಯಿತು. ವಾಲ್ಟ್ ಡಿಸ್ನಿ 1966ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮೂರು ತಿಂಗಳ ಬಳಿಕ, 1967ರ ಮಾರ್ಚ್‌ನಲ್ಲಿ, ‘ಪೈರೇಟ್ಸ್ ಆಫ್ ದ ಕೆರಿಬಿಯನ್’ ಆರಂಭವಾಯಿತು. ಸವಾರಿ ಸುಮಾರು 15 ನಿಮಿಷ!

ಇಷ್ಟು ಉದ್ದದ ಆಟವಾದರೆ ಕ್ಯೂ ಬೆಳೆಯುವುದಿಲ್ಲವೇ ಎಂದು ಓದುಗರು ಕೇಳಬಹುದು. ಸೋಜಿಗವೆಂದರೆ, ಬೆಳೆಯುವುದಿಲ್ಲ. ಒಂದು ದೋಣಿಯಲ್ಲಿ 20 ಜನ, ಅರ್ಧ ನಿಮಿಷಕ್ಕೊಂದು ದೋಣಿ ಎಂದಿಟ್ಟುಕೊಳ್ಳಿ. ಗಂಟೆಗೆ 120 ದೋಣಿ, 2,400 ಜನ. ಸವಾರಿ ಐದು ನಿಮಿಷದ್ದಾದರೂ ಅಷ್ಟೇ, ಹದಿನೈದು ನಿಮಿಷದ್ದಾದರೂ ಅಷ್ಟೇ. ಐದು ನಿಮಿಷಕ್ಕೆ ನೀರಿನಲ್ಲಿ 10 ದೋಣಿ ಸಾಕು, ಹದಿನೈದಕ್ಕೆ 30 ಬೇಕು. ಖರ್ಚು ಮಾಲೀಕನದು, ಲಾಭ ಇಬ್ಬರದೂ; ಏಕೆಂದರೆ ಆಗ 200ರ ಬದಲು 600 ಜನ ಬಿಸಿಲಿನಲ್ಲಿ ಅಲೆಯದೆ ಒಳಗೆ ಕುಳಿತಿರುತ್ತಾರೆ. ಬಂಡಿ ಒಂದೇ ಇದ್ದು, ಅದು ಮರಳಿ ಬರುವವರೆಗೂ ಕಾಯಬೇಕಾದ ಕಡೆ ಮಾತ್ರ ಪ್ರತಿ ಹೆಚ್ಚುವರಿ ನಿಮಿಷವೂ ಕ್ಯೂವನ್ನು ಉದ್ದಮಾಡುತ್ತದೆ. ಮ್ಯಾಟರ್‌ಹಾರ್ನ್‌ನಲ್ಲಿ ಒಂದೇ ಹಳಿಯ ಮೇಲೆ ಹಲವು ಬಂಡಿಗಳು ಡಿಕ್ಕಿಯಾಗದಂತೆ ಓಡುವ ವ್ಯವಸ್ಥೆ ತಂದದ್ದು ಇದೇ ಕಾರಣಕ್ಕೆ.

1971ರಲ್ಲಿ ಫ್ಲಾರಿಡಾದಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ ತೆರೆದಾಗ ಕಡಲ್ಗಳ್ಳರ ಆಟವನ್ನು ಬಿಟ್ಟಿದ್ದರು. ನಿಜವಾದ ಕೆರಿಬಿಯನ್ ಸಮುದ್ರ ಹತ್ತಿರದಲ್ಲೇ ಇರುವಾಗ ಇಲ್ಲಿಯ ಜನಕ್ಕೆ ಅದರಲ್ಲೇನು ಹೊಸತು ಎಂಬ ಲೆಕ್ಕಾಚಾರ ಅವರದು. ಆದರೆ ಬಂದವರೆಲ್ಲ ಅದನ್ನೇ ಕೇಳತೊಡಗಿದರು! ಕೊನೆಗೆ 1973ರ ಡಿಸೆಂಬರ್‌ನಲ್ಲಿ ತರಾತುರಿಯಿಂದ ಕಟ್ಟಿ ಕೊಟ್ಟರು. ಸವಾರಿಯ ಅವಧಿ ಮಾತ್ರ ಮೂಲದ ಸುಮಾರು ಅರ್ಧಕ್ಕೆ ಇಳಿದಿತ್ತು. ಎರಡೂ ಕಡೆ ಕುಳಿತವರು ಈ ಕೊರತೆಯನ್ನು ಇಂದಿಗೂ ಎತ್ತಿ ಆಡುತ್ತಾರೆ.

ಉದ್ದ ಮತ್ತು ಹೆಸರಿನ ಜಗ್ಗಾಟ ರೋಲರ್ ಕೋಸ್ಟರ್‌ಗಳಲ್ಲಿ ಎದ್ದು ಕಾಣುತ್ತದೆ. ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕ್‌ನಲ್ಲಿ 2005ರಲ್ಲಿ ಬಂದ ‘ಕಿಂಗ್ಡಾ ಕಾ’ 456 ಅಡಿ ಎತ್ತರದ್ದು, ಗಂಟೆಗೆ 206 ಕಿಲೋಮೀಟರ್ ವೇಗದ್ದು. ಆಟ ಮುಗಿಯುತ್ತಿದ್ದುದು ಅರ್ಧ ನಿಮಿಷದೊಳಗೆ. ಜಗತ್ತಿನ ಅತಿ ಎತ್ತರದ್ದೆಂಬ ಒಂದೇ ಹೆಸರಿಗೆ ಜನ ದೂರದೂರದಿಂದ ಬಂದು ಕಾದರು. 2025ರ ಫೆಬ್ರುವರಿಯಲ್ಲಿ ಅದನ್ನು ಉರುಳಿಸಲಾಯಿತು. ಓಹಿಯೊದ ಕಿಂಗ್ಸ್ ಐಲೆಂಡ್‌ನಲ್ಲಿ 1979ರಲ್ಲಿ ಹುಟ್ಟಿದ ‘ದ ಬೀಸ್ಟ್’ ಎತ್ತರದಲ್ಲಿ ಅದರ ಕಾಲು ಭಾಗವೂ ಇಲ್ಲ. ಆದರೆ ಮರದ ಹಳಿ 7,300 ಅಡಿಗಿಂತ ಉದ್ದ, ಕಾಡಿನೊಳಗೆ ನಾಲ್ಕು ನಿಮಿಷಕ್ಕೂ ಮೀರಿದ ಓಟ. ರಾತ್ರಿ ಹೊತ್ತು ಅದರಲ್ಲಿ ಕೂರಬೇಕೆಂದು ಬಯಸಿ ಬರುವವರು ಇಂದಿಗೂ ಇದ್ದಾರೆ. ದಾಖಲೆಗೆ ಇನ್ನೊಂದು ದಾಖಲೆ ಬರುತ್ತದೆ; ಕತ್ತಲ ಕಾಡಿನಲ್ಲಿ ನಾಲ್ಕು ನಿಮಿಷ ಓಡುವ ಸುಖಕ್ಕೆ ಬದಲಿ ಸುಲಭವಾಗಿ ಸಿಗುವುದಿಲ್ಲ.

ಇತ್ತ ಡಿಸ್ನಿಯ ಟಿಕೆಟ್ ಪುಸ್ತಕಗಳು 1982ರಲ್ಲಿ ನಿಂತವು. ಒಂದೇ ದರ ಕೊಟ್ಟರೆ ಎಲ್ಲ ಆಟವೂ ಲಭ್ಯ. ಮರುವರ್ಷ ಬಾಹ್ಯಾಕಾಶಕ್ಕೆ ಹಾರಿದ ಸ್ಯಾಲಿ ರೈಡ್ ಆ ಅನುಭವವನ್ನು ಇ ಟಿಕೆಟ್‌ಗೆ ಹೋಲಿಸಿದರು. ಅಷ್ಟರಲ್ಲಿ ಆ ಟಿಕೆಟ್ ಇತಿಹಾಸ ಸೇರಿತ್ತು. ಆದರೆ ಬೆಲೆ ಹೋಗಲಿಲ್ಲ, ನಾಣ್ಯ ಬದಲಾಯಿತು. ಹಿಂದೆ ಸೆಂಟುಗಳಲ್ಲಿ ತೆತ್ತದ್ದನ್ನು ಜನ ಗಂಟೆಗಳಲ್ಲಿ ತೆರತೊಡಗಿದರು. ಒರ್ಲಾಂಡೊದ ಯೂನಿವರ್ಸಲ್ ಪಾರ್ಕ್‌ನಲ್ಲಿ 2019ರ ಜೂನ್‌ನಲ್ಲಿ ಹ್ಯಾರಿ ಪಾಟರ್ ಕಥೆಯ ಹ್ಯಾಗ್ರಿಡ್ ಹೆಸರಿನ ಮೋಟಾರ್‌ಬೈಕ್ ಸವಾರಿ ಶುರುವಾದ ದಿನ ಕಾಯುವ ಸಮಯ ಹತ್ತು ಗಂಟೆ ಮುಟ್ಟಿತ್ತು. ಸವಾರಿ ಸುಮಾರು ಮೂರು ನಿಮಿಷ.

ಈ ಕಾಯುವಿಕೆಗೆ ಪರಿಹಾರವೆಂದು ಡಿಸ್ನಿ 1999ರಲ್ಲಿ ‘ಫಾಸ್ಟ್‌ಪಾಸ್’ ತಂದಿತು. ಯಂತ್ರದಿಂದ ಉಚಿತ ಚೀಟಿ ಪಡೆದು ನಿಗದಿತ ಸಮಯಕ್ಕೆ ಮರಳಿದರೆ ಸಾಕು. ಆದರೆ ದೋಣಿಯಲ್ಲಿರುವ ಸೀಟುಗಳು ಅಷ್ಟೇ ತಾನೆ? ಚೀಟಿಯವರು ಹತ್ತಿದಷ್ಟೂ ಸಾಮಾನ್ಯ ಸಾಲು ನಿಧಾನವಾಗುತ್ತದೆ. 2021ರಲ್ಲಿ ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ ಈ ಉಚಿತ ವ್ಯವಸ್ಥೆ ಹೋಗಿ ಹಣ ಕೊಟ್ಟು ಕೊಳ್ಳುವ ಪದ್ಧತಿ ಬಂತು. ತೀರಾ ಜನಪ್ರಿಯವಾದ ಆಟಗಳಿಗೆ ಬಿಡಿ ಬೆಲೆಯೂ ಉಂಟು. ಸುತ್ತಿ ಬಳಸಿ ಇ ಟಿಕೆಟ್ ಮತ್ತೆ ಬಂದಂತಾಯಿತು, ಈ ಬಾರಿ ಪ್ರವೇಶ ದರದ ಮೇಲೆ.

ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾದಲ್ಲೂ ಸಾಮಾನ್ಯ ಟಿಕೆಟ್‌ನ ಜೊತೆಗೆ ಹೆಚ್ಚು ಬೆಲೆಯ ‘ಫಾಸ್ಟ್‌ಟ್ರ್ಯಾಕ್’ ಟಿಕೆಟ್ ಇದೆ. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋದ ಅಪ್ಪ ಅಮ್ಮಂದಿರು ಕೌಂಟರ್‌ನ ಮುಂದೆ ನಿಂತು ಮಾಡಬೇಕಾದ ಲೆಕ್ಕ ಇದೇ: ದುಡ್ಡು ಕೊಡುವುದೋ, ಹೊತ್ತು ಕೊಡುವುದೋ.