ಬ್ಯಾನರ್ ಡಿಸೈನ್ ಮಾಡೋರು ತಿಳಿದಿರಬೇಕಾದ ಕಾನೂನು

ಮುಧೋಳ, ಸೇಡಂ, ಚಿತ್ತಾಪುರ, ಶಹಾಬಾದ್‌ನಂಥ ಊರುಗಳಲ್ಲಿ ಜಾತ್ರೆ, ಮದುವೆ, ನಾಯಕರ ಹುಟ್ಟುಹಬ್ಬ, ಚುನಾವಣೆ ಎಲ್ಲಕ್ಕೂ ಬ್ಯಾನರ್ ಬೇಕು. ‘ಬೆಳಗಾಗೋದರೊಳಗೆ ಕೊಡು’ ಅನ್ನೋರು ದುಡ್ಡು ಕೇಳಿದರೆ ‘ಆಮೇಲೆ ನೋಡೋಣ’ ಅಂತಾರೆ. ಡಿಸೈನ್ ಉಪಕಾರವಲ್ಲ, ದುಡಿಮೆ. ಅದಕ್ಕೆ ಕಾನೂನಿನ ರಕ್ಷಣೆ ಇದೆ.

ಬಾಕಿ: ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಉಚಿತ, ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ, ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೇಳಲು ಇದೇ ಕಾಯ್ದೆಯಡಿ ಸೌಲಭ್ಯ ಮಂಡಳಿ ಇದೆ.

ಹಕ್ಕು: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸ್ವಂತವಾಗಿ ದುಡಿಯುವವರ ಲೋಗೊಗೆ ಸಾಮಾನ್ಯವಾಗಿ ಅವರೇ ಮೊದಲ ಒಡೆಯರು. ಸಂಬಳಕ್ಕಿದ್ದರೆ ಮಾಲೀಕರು. ಹಕ್ಕು ವರ್ಗಾಯಿಸಲು ಸಹಿ ಹಾಕಿದ ಪತ್ರ ಬೇಕು. ಅವಧಿ ಬರೆಯದಿದ್ದರೆ 5 ವರ್ಷ ಮಾತ್ರ.

ಸಾಧನ: ಇಂಕ್‌ಸ್ಕೇಪ್, ಗಿಂಪ್ ಉಚಿತ. ಬಲೂ ತಮ್ಮ, ನೋಟೊ ಸಾನ್ಸ್ ಕನ್ನಡ ಫಾಂಟ್‌ಗಳನ್ನು ವ್ಯಾಪಾರಕ್ಕೂ ಬಳಸಬಹುದು.

ಚುನಾವಣೆ: ಮುದ್ರಕರು, ಪ್ರಕಾಶಕರ ಹೆಸರು-ವಿಳಾಸವಿಲ್ಲದ ಪೋಸ್ಟರ್ ಮುದ್ರಿಸಿದರೆ, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಅಡಿ 6 ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನಾಯಕರು ಅವಸರ ಮಾಡಿದರೂ ಈ ಸಾಲು ಬಿಡಬೇಡಿ.

ದರ, ತಿದ್ದುಪಡಿ ಎಷ್ಟು ಸಲ, ಹಣ ಕೊಡುವ ದಿನ ಇವನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಇನ್ನು, ದುಡಿಯುವವರ ಹಕ್ಕಿನ ಬ್ಯಾನರ್ ಹಿಡಿಯುವ ನಾವೂ ಅದನ್ನು ಮಾಡಿಕೊಟ್ಟವರ ಬಾಕಿ ಮೊದಲು ಚುಕ್ತಾ ಮಾಡೋಣ.